ಆಫೀಸಿಗೂ ಆಗ್ಬೇಕು, ಸಂಜೆ ಸುತ್ತಾಟಕ್ಕೂ ಆಗ್ಬೇಕು: ಶೂ, ಡ್ರೆಸ್ ಹೇಗೆ ಆರಿಸ್ತೀರಾ?

ದಿನದೋಡಾಟ:

ಎಲ್ರಿಗೂ ನಮಸ್ಕಾರ. ಹೊಸ ಕೆಲಸಕ್ಕೆ ಸೇರ್ಕೊಂಡಿದೀನಿ, ಬಟ್ಟೆ ವಿಷಯದಲ್ಲಿ ಸ್ಮಾರ್ಟ್ ಕ್ಯಾಶುವಲ್ (ತೀರಾ ಫಾರ್ಮಲ್ ಬೇಡ, ಆದ್ರೆ ನೀಟಾಗಿರ್ಬೇಕು) ಅಂತ ಹೇಳಿದಾರೆ, ಅಷ್ಟೇ, ಜಾಸ್ತಿ ವಿವರ ಇಲ್ಲ. ಬೆಳಗ್ಗೆ ಬಸ್ಸು, ಆಮೇಲೆ ಟ್ರೇನು, ಅಲ್ಲಿಂದ ನಡಿಗೆ, ಮಧ್ಯೆ ಮೆಟ್ಟಿಲು ಬೇರೆ. ಎಷ್ಟೋ ಸಲ ಸಂಜೆ ಆಫೀಸಿಂದ ಹಾಗೇ ಫ್ರೆಂಡ್ಸ್ ಸಿಗೋಕೆ ಹೋಗೋದಿರತ್ತೆ, ಮನೆಗೆ ಬಂದು ಬದಲಾಯಿಸೋ ಅಷ್ಟು ಟೈಮ್ ಇರಲ್ಲ. ಈಗ ಇರೋ ತೆಳು ಸೋಲಿನ ಬೆಲ್ಲೀಸ್ ಹಾಕ್ಕೊಂಡು ನಡೆದ್ರೆ ಸಂಜೆ ಹೊತ್ತಿಗೆ ಅಂಗಾಲು ಉರಿಯತ್ತೆ, ರನ್ನಿಂಗ್ ಶೂ ಡ್ರೆಸ್ ಜೊತೆ ಹೊಂದಲ್ಲ. ಲಿನನ್ ಡ್ರೆಸ್ ಹಾಕಿದ್ರೆ ಆಫೀಸ್ ತಲುಪೋಷ್ಟರಲ್ಲಿ ಮುದ್ದೆಯಾಗಿರತ್ತೆ, ಪಾಲಿಯೆಸ್ಟರ್ ಆದ್ರೆ ಬೆವರು.

ಬಜೆಟ್ ಕಡಿಮೆ, ಎಲ್ಲಾ ಒಟ್ಟಿಗೆ ಕೊಳ್ಳೋಕಾಗಲ್ಲ. ಎಷ್ಟು ಜೊತೆ ಶೂ ಸಾಕು? ದುಡ್ಡು ಶೂಗೆ ಹಾಕ್ಲಾ, ಡ್ರೆಸ್ಸಿಗೆ ಹಾಕ್ಲಾ? ದಿನಾ ಹೀಗೆ ಓಡಾಡೋರು ದಯವಿಟ್ಟು ಹೇಳಿ.

ಮೆಟ್ಟಿಲುಗಾಲು:

ದುಡ್ಡು ಶೂಗೆ ಹಾಕಿ, ಎರಡನೇ ಯೋಚನೇನೇ ಬೇಡ. ಕಮ್ಮಿ ಬೆಲೆ ಡ್ರೆಸ್ಸು ಅಳತೆ ಸರಿ ಇದ್ರೆ ಚೆನ್ನಾಗೇ ಕಾಣತ್ತೆ, ಆದ್ರೆ ಕಾಲು ನೋಯೋಕೆ ಶುರುವಾದ್ರೆ ನಡಿಗೆನೇ ಬದಲಾಗತ್ತೆ, ಮುಖದಲ್ಲೂ ಗೊತ್ತಾಗತ್ತೆ. ಮೊದಲು ಶೂ ತಗೊಳ್ಳಿ, ಆಮೇಲೆ ಆ ಶೂಗೆ ಹೊಂದೋ ಡ್ರೆಸ್ ಹುಡುಕಿ. ತುಂಬಾ ಜನ ಉಲ್ಟಾ ಮಾಡ್ತಾರೆ, ಒಂದೊಂದು ಡ್ರೆಸ್ಸಿಗೂ ಒಂದೊಂದು ಶೂ ಅಂತ ತಗೊಂಡು ಕಪಾಟು ತುಂಬಿರತ್ತೆ, ದಿನಾ ಹಾಕೋಕೆ ಮಾತ್ರ ಒಂದೂ ಇರಲ್ಲ.

ಎರಡು ಜೊತೆ ಸಾಕು. ಒಂದು ಲೋಫರ್, ಅಂದ್ರೆ ಲೇಸ್ ಇಲ್ಲದೆ ಹಾಗೇ ಕಾಲು ತೂರಿಸೋ ಶೂ, ಇನ್ನೊಂದು ಲೋಗೋ, ಪಟ್ಟೆ ಏನೂ ಇಲ್ಲದ ಪ್ಲೇನ್ ಸ್ನೀಕರ್, ಒಂದೇ ಬಣ್ಣದ್ದು. ಎರಡು ಯಾಕೆ ಅಂದ್ರೆ ಕಾಲಿನ ಬೆವರು ಶೂ ಒಳಗೆ ಇಳಿದಿರತ್ತೆ, ಅದು ಒಣಗೋಕೆ ಒಂದು ದಿನ ಬಿಡಬೇಕು. ಒಂದನ್ನೇ ದಿನಾ ಹಾಕಿದ್ರೆ ವಾಸನೆ ಬರತ್ತೆ, ಬೇಗ ಹಾಳೂ ಆಗತ್ತೆ.

ಅಂಗಡೀಲಿ ಶೂ ಕೈಗೆ ತಗೊಂಡು ಮುಂಭಾಗ ಒತ್ತಿ ಬಗ್ಗಿಸಿ ನೋಡಿ. ಬೆರಳು ಶುರುವಾಗೋ ಜಾಗದಲ್ಲಿ ಬಗ್ಗಬೇಕು, ಯಾಕಂದ್ರೆ ನಡೆಯುವಾಗ ನಮ್ಮ ಕಾಲು ಬಗ್ಗೋದೂ ಅಲ್ಲೇ. ನಟ್ಟನಡುವೆ ಮಡಚಿಕೊಂಡ್ರೆ ವಾಪಸ್ ಇಟ್ಬಿಡಿ, ಅದರಲ್ಲಿ ಕಾಲಿಗೆ ಆಸರೆ ಇಲ್ಲ. ಬಟ್ಟೆ ಹಿಂಡೋ ಥರ ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಂಡ್ರೆ ಅದೂ ಬೇಡ. ಹಿಮ್ಮಡಿ ಹಿಂದಿನ ಗೋಡೇನ ಹೆಬ್ಬೆರಳಲ್ಲಿ ಒತ್ತಿ, ಅದು ಗಟ್ಟಿ ಇರಬೇಕು. ನಿಮ್ಮ ಬೆಲ್ಲೀಸ್ ಈ ಮೂರರಲ್ಲೂ ಫೇಲ್ ಆಗತ್ತೆ ಅನ್ಸತ್ತೆ, ಅದಕ್ಕೇ ಉರಿ. ಪೂರ್ತಿ ಚಪ್ಪಟೆ ಇರೋದಕ್ಕಿಂತ 2ರಿಂದ 3 ಸೆಂಟಿಮೀಟರ್ ಎತ್ತರದ, ಅಗಲವಾದ ಹಿಮ್ಮಡಿ ಇರೋದು ಸುಮಾರು ಜನಕ್ಕೆ ಹಿತ. ಸೋಲ್ ರಬ್ಬರ್ ಇರ್ಲಿ, ಗೆರೆ ಆಳವಾಗಿರ್ಲಿ, ಒದ್ದೆ ಟೈಲ್ಸ್ ಮೇಲೆ ಗಟ್ಟಿ ಪ್ಲಾಸ್ಟಿಕ್ ಸೋಲ್ ಜಾರತ್ತೆ.

ಇನ್ನೊಂದು, ಚರ್ಮದ್ದು ಅಂತ ಹೇಳಿದ ತಕ್ಷಣ ನಂಬಬೇಡಿ. ಬಾಂಡೆಡ್ ಲೆದರ್ ಅಂತ ಬರತ್ತಲ್ಲ, ಅದು ಚರ್ಮದ ಚೂರುಪಾರನ್ನ ಅಂಟು ಹಾಕಿ ಹಾಳೆ ಮಾಡಿರೋದು, ಸ್ವಲ್ಪ ದಿನಕ್ಕೆ ಸಿಪ್ಪೆ ಏಳತ್ತೆ. ಕೆಲವು ಶೂ ಮೇಲೆ ಪುಟ್ಟ ಚಿತ್ರಗಳು ಇರ್ತವೆ, 1994ರಲ್ಲಿ ಯುರೋಪಿಯನ್ ಯೂನಿಯನ್ ಮಾಡಿದ ನಿಯಮ ಅದು. ಮೇಲ್ಭಾಗ, ಒಳಗಿನ ಲೈನಿಂಗ್, ಸೋಲ್ ಮೂರಕ್ಕೂ ಬೇರೆ ಬೇರೆ ಗುರುತು. ಹರಡಿದ ತೊಗಲಿನ ಆಕಾರ ಇದ್ರೆ ಚರ್ಮ, ನೇಯ್ಗೆ ಥರ ಇದ್ರೆ ಬಟ್ಟೆ, ಬರೀ ಡೈಮಂಡ್ ಆಕಾರ ಇದ್ರೆ ಬೇರೆ ಏನೋ ವಸ್ತು.

ಸೂಜಿದಾರ:

ನಾನು ಬಟ್ಟೆ ಹೊಲಿಯುವವಳು, ಡ್ರೆಸ್ ಬಗ್ಗೆ ಹೇಳ್ತೇನೆ.

ಅಂಗಡಿಯಲ್ಲಿ ಡ್ರೆಸ್ಸಿನ ಕೆಳಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಅಮುಕಿ, ಹತ್ತು ಎಣಿಸಿ ಬಿಡಿ. ಸುಕ್ಕು ಹಾಗೇ ನಿಂತರೆ ಬಸ್ಸಲ್ಲಿ ಕೂತೆದ್ದ ಮೇಲೂ ಹಾಗೇ ನಿಲ್ತದೆ. ಲಿನನ್ ಇಷ್ಟ ಇದ್ದರೆ ಪೂರ್ತಿ ಲಿನನ್ ಬೇಡ, ವಿಸ್ಕೋಸೋ (ರೇಯಾನಿನ ಒಂದು ಬಗೆ) ಪಾಲಿಯೆಸ್ಟರೋ ಸ್ವಲ್ಪ ಬೆರೆತದ್ದು ನೋಡಿ, ಸುಕ್ಕು ಕಡಿಮೆ. ಹತ್ತಿಯಲ್ಲಿ ನೂರಕ್ಕೆ 2ರಿಂದ 5 ಪಾಲು ಎಲಾಸ್ಟೇನ್ (ರಬ್ಬರಿನ ಹಾಗೆ ಹಿಗ್ಗುವ ನೂಲು) ಸೇರಿದ್ದರೆ ಕೂತು ಏಳುವಾಗ ಬಟ್ಟೆ ಎಳೆಯುವುದಿಲ್ಲ. ದಪ್ಪ ಹೆಣಿಗೆಯ ಪೊಂಟೆ ಅಂತ ಬರ್ತದೆ, ಇಸ್ತ್ರಿ ಬಹುಮಟ್ಟಿಗೆ ಬೇಡ, ಆದರೆ ಸೆಕೆ ಇರುವ ಕಡೆ ಕಷ್ಟ.

ರೇಯಾನ್ ಮೈಮೇಲೆ ಚಂದ ಬೀಳ್ತದೆ, ಕಡಿಮೆ ಬೆಲೆಗೂ ಸಿಗ್ತದೆ. ಒದ್ದೆಯಾದಾಗ ಅದರ ನೂಲಿಗೆ ಬಲ ಇರುವುದಿಲ್ಲ, ಹಿಂಡಬೇಡಿ, ಮತ್ತೆ ಮೊದಲ ಒಗೆತಕ್ಕೇ ಕುಗ್ಗುವುದೂ ಇದೆ. ಹಾಗಾಗಿ ಉದ್ದ ಕಡಿಮೆ ಮಾಡಿಸುವುದಿದ್ದರೆ ಒಮ್ಮೆ ಒಗೆದು ಒಣಗಿಸಿ ಆಮೇಲೆ ಟೈಲರಿಗೆ ಕೊಡಿ. ಮೊದಲೇ ಮಡಿಸಿ ಹೊಲಿಸಿದರೆ ಆಮೇಲೆ ಮೊಣಕಾಲ ಮೇಲೆ ನಿಲ್ತದೆ.

ಟ್ರಯಲ್ ರೂಮಿನಲ್ಲಿ ಬರೀ ನಿಂತು ನೋಡಿದರೆ ಸಾಲದು. ಬಸ್ಸಿನ ಕಂಬಿ ಹಿಡಿದ ಹಾಗೆ ಕೈ ಮೇಲೆತ್ತಿ, ಡ್ರೆಸ್ ಎಷ್ಟು ಮೇಲೆ ಹೋಗ್ತದೆ ನೋಡಿ. ಸ್ಟೂಲ್ ಇದ್ದರೆ ಕೂತು ನೋಡಿ, ಗುಂಡಿಗಳ ಮಧ್ಯೆ ಬಾಯಿ ಬಿಡ್ತದಾ ಅಂತ. ಎದೆ ಹತ್ತಿರ ಮಾತ್ರ ಸ್ವಲ್ಪ ಬಾಯಿ ಬಿಟ್ಟರೆ ಒಳಗೊಂದು ಟಿಚ್ ಬಟನ್ ಹಾಕಿಸಿದರೆ ಆಯ್ತು. ಸೊಂಟ, ಉದ್ದ, ತೋಳು ಇವನ್ನೆಲ್ಲ ಕಡಿಮೆ ಖರ್ಚಲ್ಲಿ ಸರಿ ಮಾಡಬಹುದು, ಭುಜ ದೊಡ್ಡದಾದರೆ ಮಾತ್ರ ತೋಳೆಲ್ಲ ಬಿಚ್ಚಿ ಮತ್ತೆ ಕೂರಿಸಬೇಕು, ದುಬಾರಿ. ಭುಜಕ್ಕೆ ಸರಿ ಕೂರುವ ಸೈಜ್ ತಗೊಂಡು ಉಳಿದದ್ದು ಆಲ್ಟರ್ ಮಾಡಿಸಿ.

ಒಳಗೆ ತಿರುಗಿಸಿ ಹೊಲಿಗೆಯನ್ನೂ ನೋಡಿ. ಹೊಲಿಗೆ ಆಚೆ ಒಂದು ಸೆಂಟಿಮೀಟರ್ ಆದರೂ ಬಟ್ಟೆ ಬಿಟ್ಟಿರಬೇಕು, ತೀರಾ ಅಂಚಿಗೇ ಹೊಲಿದಿದ್ದರೆ ಎಳೆತಕ್ಕೆ ಬಿಟ್ಟುಕೊಳ್ತದೆ, ಮುಂದೆ ದೊಡ್ಡದು ಮಾಡ್ಲಿಕ್ಕೂ ಬರುವುದಿಲ್ಲ. ಮತ್ತೆ ದಯವಿಟ್ಟು ಜೇಬು ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಪಕ್ಕದ ಹೊಲಿಗೆ ಬಿಚ್ಚಿ ಹಾಕಿಸಬಹುದು, ಇದನ್ನು ಹೆಂಗಸರು ಕೇಳಿ ಪಡೆಯಬೇಕು ಅಂತಲೇ ನನ್ನ ಅಭಿಪ್ರಾಯ.

ಸರಳಜೀವಿ:

ಶೂಗೆ ಅಷ್ಟೊಂದು ಯಾಕ್ರೀ? ನಡೆಯೋಕೆ ಹಳೇ ಸ್ಪೋರ್ಟ್ಸ್ ಶೂ ಹಾಕ್ಕೊಂಡು ಹೋಗಿ, ಚೆಂದ ಇರೋ ಒಂದು ಜೊತೆನ ಆಫೀಸ್ ಡ್ರಾಯರ್‌ನಲ್ಲಿ ಇಟ್ಬಿಡಿ, ಅಲ್ಲಿ ಕೂತೇ ಇರೋದಲ್ವಾ, ಕಮ್ಮಿ ಬೆಲೇದೇ ಸಾಕು. ನಮ್ಮ ಟೀಮಲ್ಲಿ ಎಲ್ರೂ ಹೀಗೇ ಮಾಡ್ತಾರೆ.

ಮೆಟ್ಟಿಲುಗಾಲು:

@ಸರಳಜೀವಿ ಸ್ವಂತ ಡ್ರಾಯರ್ ಇರೋರಿಗೆ ಒಳ್ಳೆ ಐಡಿಯಾನೇ. ಆದ್ರೆ ಇವರು ಸಂಜೆ ಅಲ್ಲಿಂದಾನೇ ಹೊರಗೆ ಹೋಗ್ಬೇಕು ಅಂತಿದಾರೆ, ಆಗ ಕಮ್ಮಿ ಬೆಲೆ ಶೂನಲ್ಲೇ ನಡೀಬೇಕು, ಇಲ್ಲಾಂದ್ರೆ ಸ್ಪೋರ್ಟ್ಸ್ ಶೂ ಬ್ಯಾಗಲ್ಲಿ ಹೊತ್ಕೊಂಡು ತಿರುಗ್ಬೇಕು. ಇನ್ನೊಂದು ವಿಷಯ, ಪಾಲಿಯುರೆಥೇನ್ (ಒಂದು ಥರದ ಪ್ಲಾಸ್ಟಿಕ್) ಸೋಲ್ ಇರೋ ಶೂನ ಹಾಕದೇ ವರ್ಷಗಟ್ಟಲೆ ಇಟ್ರೆ ಗಾಳೀಲಿರೋ ತೇವಕ್ಕೆ ಒಳಗೊಳಗೇ ಕೊಳೆಯತ್ತೆ. ನೋಡೋಕೆ ಹೊಸದರ ಥರಾನೇ ಇರತ್ತೆ, ಹಾಕ್ಕೊಂಡು ಹೊರಟ್ರೆ ಸೋಲ್ ಪುಡಿಪುಡಿಯಾಗಿ ಉದುರತ್ತೆ. ಇಂಥ ಶೂ ಅಪರೂಪಕ್ಕೆ ಅಂತ ಎತ್ತಿಡೋದಕ್ಕಿಂತ ಹಾಕ್ಕೊಂಡು ಓಡಾಡೋದೇ ಒಳ್ಳೇದು.

ದಿನದೋಡಾಟ:

ತುಂಬಾ ಥ್ಯಾಂಕ್ಸ್ ಎಲ್ರಿಗೂ! ನಂಗೆ ಸ್ವಂತ ಡೆಸ್ಕ್ ಇಲ್ಲ, ಖಾಲಿ ಇರೋ ಕಡೆ ಕೂರೋದು, ಹಾಗಾಗಿ ಡ್ರಾಯರ್ ಐಡಿಯಾ ಆಗಲ್ಲ. ಮೊದಲು ಕಂದು ಲೋಫರ್, ಆಮೇಲೆ ಮೊಣಕಾಲಿಂದ ಕೆಳಗೆ ಬರೋ ನೇವಿ ಬ್ಲೂ ಶರ್ಟ್ ಡ್ರೆಸ್, ಮುಂದಿನ ತಿಂಗಳು ಸ್ನೀಕರ್ ಅಂದ್ಕೊಂಡಿದೀನಿ. ಶೂ ಮಾತ್ರ ಆನ್‌ಲೈನಲ್ಲಿ ತಗೋಬೇಕು. ಸೈಜ್ ಒಂದೊಂದ್ಕಡೆ ಒಂದೊಂದು ಥರ ತೋರಿಸ್ತಿದೆ, ಏನ್ ಮಾಡ್ಲಿ?

ಮೆಟ್ಟಿಲುಗಾಲು:

ಒಳ್ಳೆ ಜೋಡಿ ಅದು, ಡ್ರೆಸ್ಸಿಗೆ ಲೋಫರ್ ಬಣ್ಣದ್ದೇ ಬೆಲ್ಟ್ ಹಾಕಿದ್ರೆ ಸಂಜೆಗೂ ಆಗತ್ತೆ.

ಸೈಜ್ ನಂಬರ್ ಮರೆತುಬಿಡಿ, ಸೆಂಟಿಮೀಟರ್ ಲೆಕ್ಕ ಹಿಡೀರಿ. ಯುರೋಪ್ ಸೈಜಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಸುಮಾರು 6.7 ಮಿಲಿಮೀಟರ್, ಯುಕೆ ಸೈಜಲ್ಲಿ ಸುಮಾರು 8.5, ಅದಕ್ಕೇ ಎರಡೂ ಸರಿಯಾಗಿ ತಾಳೆ ಆಗಲ್ಲ. ಸಂಜೆ ಹೊತ್ತು ಅಳೀರಿ, ದಿನವೆಲ್ಲ ಓಡಾಡಿದ ಮೇಲೆ ಕಾಲು ಸ್ವಲ್ಪ ಊದಿರತ್ತೆ. ಗೋಡೆಗೆ ಹಿಮ್ಮಡಿ ತಾಗಿಸಿ ಪೇಪರ್ ಮೇಲೆ ನಿಂತ್ಕೊಳ್ಳಿ, ಕೂತು ಅಳೆದ್ರೆ ಕಮ್ಮಿ ಬರತ್ತೆ. ಎಲ್ಲಕ್ಕಿಂತ ಉದ್ದ ಇರೋ ಬೆರಳಿನ ತುದಿಗೆ ಗುರುತು ಹಾಕಿ, ಅದು ಹೆಬ್ಬೆರಳೇ ಆಗಿರ್ಬೇಕು ಅಂತಿಲ್ಲ. ಎರಡೂ ಕಾಲು ಅಳೀರಿ, ದೊಡ್ಡದರ ಅಳತೆ ಇಟ್ಕೊಂಡು ಅಂಗಡಿಯವರ ಚಾರ್ಟಲ್ಲಿ ನೋಡಿ. ಅದು ಪಾದದ ಉದ್ದನೋ ಶೂ ಒಳಗಿನ ಉದ್ದನೋ ಅಂತ ಗಮನಿಸಿ, ಒಳಗಿನ ಉದ್ದ ಆದ್ರೆ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಉಳೀಬೇಕು.

ಶೂ ಬಂದ ಮೇಲೆ ಮನೆ ಒಳಗೇ, ಸಂಜೆ, ಆಫೀಸಿಗೆ ಹಾಕೋ ಸಾಕ್ಸ್ ಹಾಕ್ಕೊಂಡೇ ಓಡಾಡಿ, ಮೆಟ್ಟಿಲಿದ್ರೆ ಹತ್ತಿ ಇಳೀರಿ. ಹಿಮ್ಮಡಿ ಜಾರಿದ್ರೆ ಅಥವಾ ಕಿರುಬೆರಳು ಒತ್ತಿದ್ರೆ ಹಾಕ್ತಾ ಹಾಕ್ತಾ ಸರಿಹೋಗತ್ತೆ ಅಂತ ಕಾಯಬೇಡಿ, ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗತ್ತೆ, ಉದ್ದಕ್ಕೆ ಹಿಗ್ಗಲ್ಲ. ಸೋಲ್ ಗಲೀಜಾಗೋ ಮುಂಚೆ ರಿಟರ್ನ್ ಹಾಕಿ.