ಮೇರಿಲ್ಯಾಂಡಿನಲ್ಲಿ 9 ವರ್ಷದ ಮಗನನ್ನು ಮನೆಯಲ್ಲಿ ಒಬ್ಬನೇ ಬಿಡಬಹುದಾ?

ತೀರ್ಥಹಳ್ಳಿ ಹುಡುಗಿ:

ಮಗನಿಗೆ 9 ವರ್ಷ, ಮಗಳಿಗೆ 6. ಸ್ಕೂಲ್ ಬಸ್ಸು ಇಬ್ಬರನ್ನೂ 3.45ಕ್ಕೆ ಬಿಡುತ್ತದೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ 4.30. ಇಷ್ಟು ದಿನ ಪಕ್ಕದ ಮನೆಯ ಆಂಟಿ ನೋಡಿಕೊಳ್ಳುತ್ತಿದ್ದರು. ಈಗ ಮಗನದು ಒಂದೇ ಹಟ. "ಕೀ ಕೊಡಮ್ಮ, ತಂಗೀನ ನಾನೇ ನೋಡ್ಕೊಳ್ತೀನಿ" ಅಂತಾನೆ.

ಕೊಡಬೇಕು ಅಂತ ನನಗೂ ಆಸೆ. ಎರಡನೇ ಕ್ಲಾಸಿನಲ್ಲಿದ್ದಾಗ ನಾನು ಅಣ್ಣನ ಜೊತೆ ಅಡಿಕೆ ತೋಟ ಇಳಿದು, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಶಾಲೆಗೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿತ್ತು. ಅಣ್ಣ ಮೊದಲು ದಾಟಿ, ಆ ಕಡೆ ನಿಂತು ಕೈ ಚಾಚುತ್ತಿದ್ದ. ಅವನಿಗೂ ಆಗ 9 ವರ್ಷವೇ. ನನ್ನ ಮಗ ಇವತ್ತಿನವರೆಗೂ ಒಬ್ಬನೇ ರಸ್ತೆ ದಾಟಿಲ್ಲ. ನೆನೆದರೆ ಸಂಕಟ ಆಗುತ್ತದೆ.

ನಮ್ಮ ಮನೆಯವರಿಗೆ ಭಯ. ಯಾರಾದರೂ ಪೊಲೀಸರಿಗೆ ಫೋನ್ ಮಾಡಿದರೆ? ನಾವಿರುವುದು ವೀಸಾ ಮೇಲೆ. ಇಲ್ಲಿನ ಕಾನೂನು ನಿಜವಾಗಿ ಏನು ಹೇಳುತ್ತದೆ?

ಸಿಲ್ವರ್ ಸ್ಪ್ರಿಂಗ್ ಅಪ್ಪ:

ಮಗನ ವಿಷಯ ಬೇರೆ, ಮಗಳ ವಿಷಯ ಬೇರೆ. ಎರಡನ್ನೂ ಸೇರಿಸಬೇಡಿ.

ಮೇರಿಲ್ಯಾಂಡಿನಲ್ಲಿ ಗೆರೆ ಇರುವುದು 8 ವರ್ಷಕ್ಕೆ. 8 ತುಂಬದ ಮಗುವನ್ನು ಮನೆಯಲ್ಲೋ ಕಾರಿನಲ್ಲೋ ಬಿಟ್ಟು, ಕಣ್ಣಿಗೆ ಕಾಣದಷ್ಟು ದೂರ ಹೋಗುವಂತಿಲ್ಲ. ಹೋಗಬೇಕಾದರೆ ಕನಿಷ್ಠ 13 ವರ್ಷದ, ನಂಬಬಹುದಾದ ಒಬ್ಬರು ಜೊತೆಗಿರಬೇಕು. ತಪ್ಪಿದರೆ 500 ಡಾಲರ್‌ವರೆಗೆ ದಂಡ ಅಥವಾ 30 ದಿನದವರೆಗೆ ಜೈಲು ಆಗಬಹುದು. ಹಾಗಾಗಿ 9ರ ಅಣ್ಣನ ಕೈಗೆ 6ರ ತಂಗಿಯನ್ನು ಒಪ್ಪಿಸುವಂತಿಲ್ಲ. ಮಗ ಒಬ್ಬನೇ ಇರುವುದಕ್ಕೆ ಈ ಸೆಕ್ಷನ್ ಅಡ್ಡ ಬರುವುದಿಲ್ಲ. ಆದರೆ ಮಗು ಅಪಾಯದಲ್ಲಿತ್ತು ಅನ್ನಿಸಿದರೆ, ನಿರ್ಲಕ್ಷ್ಯ ಅಂತ ವಿಚಾರಣೆಗೆ ಬರಬಹುದು.

2015ರ ಏಪ್ರಿಲ್‌ನಲ್ಲಿ ನಮ್ಮೂರಲ್ಲೇ, 10 ಮತ್ತು 6 ವರ್ಷದ ಅಣ್ಣ ತಂಗಿ ಇಬ್ಬರೇ ಹೊರಗಿದ್ದಾರೆ ಅಂತ ಪೊಲೀಸರು ಗಾಡಿಗೆ ಹತ್ತಿಸಿಕೊಂಡರು. ಮಕ್ಕಳು ಮನೆ ಸೇರುವಾಗ ರಾತ್ರಿ. ದೇಶವೆಲ್ಲ ಅದೇ ಮಾತು. ಕೊನೆಗೆ ತಂದೆ ತಾಯಿಯ ಮೇಲಿನ ಆರೋಪ ನಿಲ್ಲಲಿಲ್ಲ. ಮಕ್ಕಳು ಸುಮ್ನೆ ಹೊರಗೆ ಆಡಿದರೆ, ನಡೆದರೆ ತಾನು ನಡುವೆ ಬರುವುದಿಲ್ಲ, ಪೆಟ್ಟಾಗಿದ್ದರೆ ಅಥವಾ ದೊಡ್ಡ ಅಪಾಯ ಇದ್ದರೆ ಮಾತ್ರ ಅಂತ ಮಕ್ಕಳ ರಕ್ಷಣೆ ನೋಡಿಕೊಳ್ಳುವ ರಾಜ್ಯದ ಇಲಾಖೆ ಆ ವರ್ಷವೇ ಹೇಳಿತು.

ಯೂಟಾ ಅಮ್ಮ:

ನಮ್ಮ ರಾಜ್ಯದಲ್ಲಿ 2018ರಲ್ಲಿ ಇದಕ್ಕೇ ಅಂತ ಕಾನೂನು ಬಂತು, ಅಮೆರಿಕದಲ್ಲೇ ಮೊದಲು. ಊಟ ಬಟ್ಟೆಗೆ ಕೊರತೆ ಇಲ್ಲದ, ತನ್ನನ್ನು ತಾನು ನೋಡಿಕೊಳ್ಳುವಷ್ಟು ತಿಳಿವಳಿಕೆ ಬಂದ ಮಗು ಒಬ್ಬನೇ ಶಾಲೆಗೆ ನಡೆದರೆ, ಮನೆಯಲ್ಲಿದ್ದರೆ ಅದು ನಿರ್ಲಕ್ಷ್ಯ ಅಲ್ಲ. ಇಷ್ಟೇ ವಯಸ್ಸು ಅಂತ ಬರೆದಿಲ್ಲ. ಟೆಕ್ಸಾಸ್ 2021ರಲ್ಲಿ ಇಂಥದ್ದೇ ಕಾನೂನು ಮಾಡಿತು.

ಅಕ್ಕ, ಮೊದಲು ಒಂದು ವಾರ ನೀವು ಮನೆಯಲ್ಲೇ ಇದ್ದು ರೂಮಿನಿಂದ ಹೊರಗೆ ಬರಬೇಡಿ. ಅವನೇ ಬಾಗಿಲು ತೆಗೆಯಲಿ, ಚಿಲಕ ಹಾಕಲಿ, ತಿಂಡಿ ಹುಡುಕಲಿ. ಕಾಲಿಂಗ್ ಬೆಲ್ ಆದರೆ ತೆಗೆಯಬಾರದು, ಒಲೆ ಮುಟ್ಟಬಾರದು. ನನ್ನ ಮಗಳಿಗೆ ಎಲ್ಲ ಬಾಯಿಪಾಠ ಆಗಿತ್ತು. ಆದರೂ ಹೊಗೆ ಅಲಾರಂ ಕೂಗಿದಾಗ ಬೆಪ್ಪಾಗಿ ನಿಂತುಬಿಟ್ಟಳು. ಅದನ್ನೂ ಒಮ್ಮೆ ಕೂಗಿಸಿ ತೋರಿಸಿ.

ಸಾಗರದ ಮೇಷ್ಟ್ರು:

ತಂಗೀ, ಬೇಜಾರು ಮಾಡ್ಕೋಬೇಡ. ನಾನು 30 ವರ್ಷ ಮಲೆನಾಡಿನ ಶಾಲೆಗಳಲ್ಲಿ ಪಾಠ ಮಾಡಿದವನು. ಮಳೆ ಜೋರಾದ ದಿನ ಹಳ್ಳದಾಚೆಯ ಮಕ್ಕಳ ಹಾಜರಿ ಹಾಕುವಾಗ ಕೈ ನಡುಗುತ್ತಿತ್ತು. ಸಂಕದಿಂದ ಕಾಲು ಜಾರಿ ಕೊಚ್ಚಿಹೋದ ಮಕ್ಕಳೂ ಇದ್ದಾರೆ. ಅದನ್ನು ಮರೆತು ಆ ಕಾಲವನ್ನು ಹೊಗಳಬಾರದು. ಇನ್ನೊಂದು ಮಾತು. ನಿಮ್ಮ ದಾರಿಯಲ್ಲಿ ನೀವು ಯಾರ ಮನೆ ಮಕ್ಕಳು ಅಂತ ಎಲ್ಲರಿಗೂ ಗೊತ್ತಿತ್ತು, ಅಲ್ವಾ? ನಿನ್ನ ಮಗನಿಗೆ ಅಲ್ಲಿ ಅಂಥ ನಾಲ್ಕು ಮನೆ ಗುರುತು ಮಾಡಿಕೊಡು. ಕೀ ಆಮೇಲೆ.

ತೀರ್ಥಹಳ್ಳಿ ಹುಡುಗಿ:

ಮೇಷ್ಟ್ರೇ, ನೀವು ಹೇಳಿದ್ದು ನಿಜ. ನಮ್ಮ ದಾರಿಯಲ್ಲಿ ಏಳು ಮನೆ ಇದ್ದವು. ಇಲ್ಲಿ ಎದುರು ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ. ಭಾನುವಾರ ಮಗನನ್ನು ಕರೆದುಕೊಂಡು, ಕೋಡುಬಳೆ ಡಬ್ಬಿ ಹಿಡಿದು ನಾಲ್ಕು ಮನೆಗೆ ಹೋಗಿ ಬಂದೆ.

ಮಗಳು ಆಂಟಿ ಮನೆಯಲ್ಲೇ ಇರುತ್ತಾಳೆ. ಒಂದು ವಾರ ರೂಮಿನಲ್ಲಿ ಕೂತು ಅಭ್ಯಾಸ ಮಾಡಿಸಿದೆ. ಇವತ್ತು ಕೀ ಕೊಟ್ಟೆ. 3.52ಕ್ಕೆ ಫೋನ್ ಬಂತು. "ಅಮ್ಮಾ, ಒಳಗೆ ಬಂದು ಚಿಲಕ ಹಾಕಿದೆ. ಕೋಡುಬಳೆ ಎಲ್ಲಾ ಹಂಚಿಬಿಟ್ಯಾ?"