ಮೆಲ್ಬರ್ನ್‌ನ ಗ್ರೀಕರು ಮೀನು-ಚಿಪ್ಸ್ ಅಂಗಡಿಯನ್ನೇ ಯಾಕೆ ಹಿಡಿದರು?

ಕಡಲತಡಿ:
ಮಹಾಯುದ್ಧ, ಅದರ ಬೆನ್ನಿಗೇ 1946–49ರ ಅಂತರ್ಯುದ್ಧ. ಆಮೇಲೆ ಗ್ರೀಸ್‌ನ ಹಳ್ಳಿಗಳಿಂದ ಮೆಲ್ಬರ್ನ್‌ಗೆ ಹೋದ ಎಷ್ಟೋ ಮಂದಿ ಫಿಶ್ ಅಂಡ್ ಚಿಪ್ಸ್ ಅಂಗಡಿ ಇಟ್ಟರಂತೆ. ಊರಲ್ಲಿ ಆಡು, ಆಲಿವ್ ನೋಡಿಕೊಂಡಿದ್ದವರಿಗೆ ಇಂಗ್ಲಿಷರ ಈ ತಿಂಡಿ ಹೇಗೆ ಒಗ್ಗಿತು? ಹಡಗಿಳಿದ ಕೂಡಲೇ ಅಂಗಡಿಯಾ? ಒಳಗಿನ ಕೆಲಸ ಹೇಗಿರುತ್ತಿತ್ತು?

ವಲಸೆಹಕ್ಕಿ:
ಕೂಡಲೇ ಅಲ್ಲ. 1952ರ ಗ್ರೀಸ್–ಆಸ್ಟ್ರೇಲಿಯಾ ಒಪ್ಪಂದದಡಿ ನೆರವಿನ ಟಿಕೆಟ್‌ನಲ್ಲಿ ಬಂದವರು ಎರಡು ವರ್ಷ ಸರ್ಕಾರ ತೋರಿಸಿದ ಕೆಲಸ ಮಾಡಬೇಕಿತ್ತು. ಮೊದಲು ಬೊನೆಗಿಲ್ಲಾ ಎಂಬಲ್ಲಿನ ವಲಸಿಗರ ಶಿಬಿರ: ಹಳೇ ಸೇನಾ ಬಿಡಾರ, ತಗಡಿನ ಗೋಡೆ, ಊಟಕ್ಕೆ ಕುರಿ ಮಾಂಸವೇ ಕುರಿ ಮಾಂಸ. ಅಲ್ಲಿಂದ ಕಾರ್ಖಾನೆ. ಗಂಡ ಒಂದು ಪಾಳಿ, ಹೆಂಡತಿ ಇನ್ನೊಂದು. ಮಕ್ಕಳ ಹತ್ತಿರ ಯಾರಾದರೂ ಒಬ್ಬರು ಇರಬೇಕಲ್ಲ.

ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಅಂಗಡಿ. ಕಟ್ಟಡ ಬಾಡಿಗೆಗೆ, ಬಾಣಲೆ ಮತ್ತು ಗಿರಾಕಿ ಸಮೇತ ವ್ಯಾಪಾರ ಮಾತ್ರ ಕೊಳ್ಳುವುದು. ಹಿಂದೆ ಅಥವಾ ಮೇಲೆ ಮನೆ, ಹಾಗಾಗಿ ಎರಡು ಬಾಡಿಗೆ ಇಲ್ಲ. ಹತ್ತಿಪ್ಪತ್ತು ಇಂಗ್ಲಿಷ್ ಪದ ಬಂದರೆ ಕೌಂಟರ್ ನಡೆಯುತ್ತದೆ, ಉಳಿದದ್ದಕ್ಕೆ ಶಾಲೆಗೆ ಹೋಗುವ ಮಕ್ಕಳೇ ದುಭಾಷಿ. ಇಡೀ ಮನೆಯೇ ದುಡಿಯುತ್ತಿದ್ದರಿಂದ ಸಂಬಳದ ಖರ್ಚಿಲ್ಲ. ಗುಟ್ಟು ಇಷ್ಟೇ.

ಬಾಣಲೆಭಟ್ಟ:
ಒಳಗಿನ ಕೆಲಸ ನಾನು ಹೇಳ್ತೀನಿ. ಇಲ್ಲಿ ಚಿಪ್ಸ್ ಅಂದರೆ ನಮ್ಮ ಪ್ಯಾಕೆಟ್ಟಿನದ್ದಲ್ಲ, 12–13 ಮಿ.ಮೀ. ದಪ್ಪದ ಬೆರಳಿನಂಥ ತುಂಡು. ಲಾಭ ಮೀನಿಗಿಂತ ಆಲೂಗಡ್ಡೆಯಲ್ಲೇ.

ಸಿಪ್ಪೆ ತೆಗೆಯಲು ಒಳಗೋಡೆ ಉಪ್ಪುಕಾಗದದಂತೆ ಒರಟಾಗಿರುವ, ತಿರುಗುವ ಪೀಪಾಯಿ. ಸಿಪ್ಪೆ ಹೋದೊಡನೆ ನಿಲ್ಲಿಸಬೇಕು. ಮರೆತರೆ ಆಲೂಗಡ್ಡೆ ಗೋಲಿಯಾಗುತ್ತದೆ, ಲಾಭ ಚರಂಡಿ ಸೇರುತ್ತದೆ, ಆ ಗಸಿಯೇ ಗಟ್ಟಿಯಾಗಿ ಚರಂಡಿ ಕಟ್ಟುತ್ತದೆ. ಕಣ್ಣುಗಳನ್ನು ಚಾಕುವಿನಲ್ಲೇ ತೆಗೆಯಬೇಕು. ಹೆಚ್ಚಿದ್ದನ್ನು ನೀರು ತಿಳಿಯಾಗುವವರೆಗೆ ತೊಳೆದು, ಬಸಿದು, 130–140 ಡಿಗ್ರಿಯಲ್ಲಿ ಐದಾರು ನಿಮಿಷ ಬಣ್ಣ ಬರದಂತೆ ಬೇಯಿಸಿ ಆರಲು ಬಿಡುವುದು. ಗಿರಾಕಿ ಬಂದಾಗ 180–190ರಲ್ಲಿ ಎರಡು-ಮೂರು ನಿಮಿಷ. ಆಲೂಗಡ್ಡೆಯನ್ನು ತೀರಾ ತಣ್ಣಗೆ ಇಟ್ಟಿದ್ದರೆ ಪಿಷ್ಟ ಸಕ್ಕರೆಯಾಗಿ, ಒಳಗೆ ಬೇಯುವ ಮೊದಲೇ ಹೊರಗೆ ಕಂದುಬಣ್ಣಕ್ಕೆ ತಿರುಗುತ್ತದೆ.

ಮೀನು ‘ಫ್ಲೇಕ್’, ಅಂದರೆ ಸಣ್ಣ ಜಾತಿಯ ಶಾರ್ಕ್. ಮುಳ್ಳಿಲ್ಲ, ಆದರೆ ಹಳತಾದರೆ ಅಮೋನಿಯಾ ವಾಸನೆ ಹೊಡೆಯುತ್ತದೆ. ಕೊಳ್ಳುವಾಗ ಮೂಗೇ ತಕ್ಕಡಿ. ತುಂಡನ್ನು ಒರೆಸಿ ಒಣಹಿಟ್ಟು ಸವರದಿದ್ದರೆ ಆಮೇಲೆ ಅದ್ದುವ ಕಲಸಿದ ಹಿಟ್ಟು ಬಾಣಲೆಯಲ್ಲೇ ಕಳಚಿ ಬೀಳುತ್ತದೆ. ಕಲಸುವ ನೀರು ತಣ್ಣಗಿರಲಿ.

ಕಡಲತಡಿ:
ಕರಿಯಲು ಆಲಿವ್ ಎಣ್ಣೆಯೇನಾದರೂ?

ಬಾಣಲೆಭಟ್ಟ:
ಅಯ್ಯೋ, ಆ ಬೆಲೆಗೆ ಅಂಗಡಿ ಮುಚ್ಚಬೇಕು! ಆಗ ಬಳಸುತ್ತಿದ್ದದ್ದು ಕರಗಿಸಿದ ದನದ ಕೊಬ್ಬು. ರಾತ್ರಿ ಹೆಪ್ಪುಗಟ್ಟಿರುತ್ತದೆ, ಬೆಳಗ್ಗೆ ಸಣ್ಣ ಉರಿಯಲ್ಲೇ ಕರಗಿಸಬೇಕು. ಜೋರು ಉರಿಯಿಟ್ಟರೆ ಮೇಲೆ ಗಟ್ಟಿ, ತಳದಲ್ಲಿ ಸುಟ್ಟ ಹೊಗೆ. ಉದುರಿದ ಹಿಟ್ಟಿನ ಚೂರನ್ನು ಆಗಾಗ ಜಾಲರಿಯಲ್ಲಿ ಎತ್ತದಿದ್ದರೆ ಕಪ್ಪಾಗಿ ಕೊಬ್ಬು ಕೆಡಿಸುತ್ತದೆ. ಬಾಣಲೆಯ ಮೇಲೆ ಉಪ್ಪು ಉದುರಿಸಲೂಬಾರದು. ಬೆಂಕಿ ಹತ್ತಿದರೆ ನೀರು ಮುಟ್ಟಬೇಡಿ: ಗ್ಯಾಸ್ ಬಂದ್, ಮುಚ್ಚಳ ಬಂದ್.

ಹಳೇಹಾಳೆ:
ವಲಸೆಹಕ್ಕಿಯವರ ಮಾತಿಗೆ ಒಂದು ತಿದ್ದುಪಡಿ. ಎಲ್ಲರೂ ನೆರವಿನ ಟಿಕೆಟ್‌ನಲ್ಲಿ ಬಂದವರಲ್ಲ. ಮೊದಲೇ ಬಂದಿದ್ದ ಅಣ್ಣನೋ ಮಾವನೋ ಜಾಮೀನು ನಿಂತು ಕರೆಸಿಕೊಂಡವರು ಬಹಳ. ಅಂಥವರಿಗೆ ಎರಡು ವರ್ಷದ ಕರಾರಿಲ್ಲ, ಕೆಲಸ ಕಲಿಯಲು ನೆಂಟರ ಅಂಗಡಿಯೂ ಇತ್ತು. ಗ್ರೀಕರ ಈ ಅಂಗಡಿ ದಾರಿ ಯುದ್ಧಕ್ಕೂ ಹಿಂದಿನದು: 1932ರಲ್ಲೇ ಸಿಡ್ನಿಯ ಮಾರ್ಟಿನ್ ಪ್ಲೇಸ್‌ನಲ್ಲಿ ಮಿಕ್ ಆಡಮ್ಸ್ ಎಂಬ ಗ್ರೀಕ್ ವಲಸಿಗ ಮಿಲ್ಕ್ ಬಾರ್, ಅಂದರೆ ಮಿಲ್ಕ್‌ಶೇಕ್ ಮಾರುವ ಅಂಗಡಿ, ತೆರೆದಿದ್ದ. ಲೋಟಕ್ಕೆ ನಾಲ್ಕು ಪೆನ್ಸ್. ಆ ಬೆಲೆ ಅಂಗಡಿಯ ಹೆಸರಲ್ಲೇ ಇತ್ತು.