ಕತ್ತು ಬಿಗಿದರೆ ಕಿವಿ ಗುಂಯ್ ಅನ್ನುತ್ತಾ?

ಪ್ರಶ್ನೆ: ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೆಲಸ. ಸಂಜೆ ಹೊತ್ತಿಗೆ ಕತ್ತು, ಹೆಗಲು ಹಿಡಿದುಕೊಂಡಿರುತ್ತದೆ. ಆಮೇಲೆ ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮ ಶಬ್ದ. ಎರಡಕ್ಕೂ ಸಂಬಂಧ ಇದೆಯಾ? ಯಾರಿಗಾದರೂ ಹೀಗಾಗಿದೆಯಾ?

ಶಿವಮೊಗ್ಗದಿಂದ: ಇರಬಹುದು. ನನ್ನದು ಹೊಲಿಗೆ ಕೆಲಸ, ತಲೆ ಬಗ್ಗಿಸಿಯೇ ಕೂರಬೇಕು. ಫಿಸಿಯೋ ಮೇಡಂ ಒಂದು ಸುಲಭದ ಪರೀಕ್ಷೆ ಮಾಡಿಸಿದರು. ಹಲ್ಲು ಗಟ್ಟಿಯಾಗಿ ಕಚ್ಚಿ, ಆಮೇಲೆ ಹಣೆಗೆ ಅಂಗೈ ಕೊಟ್ಟು ತಲೆಯಿಂದ ತಳ್ಳಿ, ಶಬ್ದ ಏರುತ್ತಾ ಇಳಿಯುತ್ತಾ ನೋಡಿ ಅಂದರು. ಹಲ್ಲು ಕಚ್ಚಿದ ಕೂಡಲೇ ನನ್ನದು ಇನ್ನೂ ಕೀರಲಾಯಿತು. ಕತ್ತು, ದವಡೆಯ ನರಗಳು ತರುವ ಸುದ್ದಿಯೂ ಕಿವಿಯ ಸುದ್ದಿಯೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಅದಕ್ಕೇ ಸ್ನಾಯು ಬಿಗಿದರೆ ಶಬ್ದ ಜಾಸ್ತಿ ಆಗಬಹುದು. ಕಿವಿಯಲ್ಲಿ ಹೀಗೆ ಶಬ್ದ ಕೇಳಿಸುವುದಕ್ಕೆ ಟಿನಿಟಸ್ ಅಂತಾರೆ, ಕತ್ತು ದವಡೆಯಿಂದ ಬಂದರೆ ಸೊಮ್ಯಾಟಿಕ್ ಟಿನಿಟಸ್. ಕಿವಿ ಹಿಂದಿನಿಂದ ಎದೆಯ ಕಡೆಗೆ ಇಳಿಯುವ ದಪ್ಪ ಸ್ನಾಯು ಇದೆಯಲ್ಲ, ತಲೆ ತಿರುಗಿಸಿದರೆ ಎದ್ದು ಕಾಣುತ್ತದೆ. ಅದನ್ನೂ ತಲೆಬುರುಡೆಯ ಬುಡವನ್ನೂ ಸಡಿಲಿಸುವ ವ್ಯಾಯಾಮ ಕೊಟ್ಟರು. ಮಶೀನ್ ಮುಂದಿನ ಕುರ್ಚಿಯ ಎತ್ತರವನ್ನೂ ಸರಿ ಮಾಡಿಕೊಂಡೆ. ಶಬ್ದ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಕತ್ತು ಹಗುರ ಇದ್ದ ದಿನ ಅದರ ನೆನಪೇ ಬರುವುದಿಲ್ಲ.

ಮೈಸೂರಿನಿಂದ: ಶಬ್ದ ಬದಲಾಯಿತು ಅಂದಮಾತ್ರಕ್ಕೆ ಕತ್ತೇ ಕಾರಣ ಅಂದುಕೊಳ್ಳಬೇಡಿ. ಟಿನಿಟಸ್ ಇರುವ ತುಂಬಾ ಜನರಿಗೆ ಹಲ್ಲು ಕಚ್ಚಿದರೆ ಹಾಗಾಗುತ್ತದೆ. ನಮ್ಮಪ್ಪನೂ ಕತ್ತಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಲೇ ಇದ್ದರು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಕೀರಲು ಸ್ವರಗಳು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಕಿವಿಗೆ ಕೇಳುವ ಮಿಷನ್ ಹಾಕಿಕೊಂಡ ಮೇಲೆ ಕಾಟ ಕಮ್ಮಿ. ನಿಮ್ಮದು ಒಂದೇ ಕಿವಿ ಅಂತೀರಿ, ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ನಾಡಿ ಬಡಿತದ ಲಯಕ್ಕೆ ಶಬ್ದ ಬಂದರೂ ಅಷ್ಟೇ. ಇದ್ದಕ್ಕಿದ್ದಂತೆ ಕಿವಿ ಕೇಳಿಸದಂತಾದರೆ ಅವತ್ತೇ ಓಡಿ, ಅದಕ್ಕೆ ಸ್ಟೆರಾಯ್ಡ್ ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಹುಬ್ಬಳ್ಳಿಯಿಂದ: ಇನ್ನೊಂದು ಮಾತು. ಕಟಿಂಗ್ ಅಂಗಡಿಯಲ್ಲಿ ಕತ್ತು ಲಟಕ್ ಅನ್ನಿಸಿಕೊಳ್ಳಬೇಡ್ರಿ. ಕತ್ತಿನ ರಕ್ತನಾಳ ಹರಿದು ಲಕ್ವ ಹೊಡೆಯಬಹುದು.

ಪ್ರಶ್ನೆ ಕೇಳಿದವರು: ಈಗಲೇ ಹಲ್ಲು ಕಚ್ಚಿ ನೋಡಿದೆ, ಏನೂ ಬದಲಾಗಲಿಲ್ಲ. ತಲೆ ಬಲಕ್ಕೆ ಪೂರ್ತಿ ತಿರುಗಿಸಿದರೆ ಮಾತ್ರ ಜೋರಾಗುತ್ತದೆ. ಇಎನ್‌ಟಿ ಹತ್ತಿರ ಹೋಗಿ ಅದನ್ನೂ ಹೇಳುತ್ತೇನೆ. ಶಿವಮೊಗ್ಗದ ಅಕ್ಕ, ಆ ವ್ಯಾಯಾಮ ಕೂತು ಮಾಡೋದಾ, ಮಲಗಿ ಮಾಡೋದಾ?

ಶಿವಮೊಗ್ಗದಿಂದ: ನನಗೆ ಮೊದಲು ಮಲಗಿಸಿಯೇ ಮಾಡಿಸಿದರು. ತಲೆ ಎತ್ತದೆ ಗದ್ದವನ್ನು ಮೆಲ್ಲಗೆ ಒಳಕ್ಕೆ ಎಳೆದು ಬಿಡುವುದು, ಅಷ್ಟೇ. ಉಸಿರು ಬಿಗಿ ಹಿಡಿಯಬೇಡಿ. ನಿಮ್ಮದಕ್ಕೆ ಬೇರೆಯೇ ಬೇಕಾಗಬಹುದು, ಡಾಕ್ಟರು ನೋಡಿದ ಮೇಲೆ ಫಿಸಿಯೋನ ಕೇಳಿ ಶುರು ಮಾಡಿ.